ಬಿಟ್ಟಕಲ್ಲಿನ ಗುಡ್ಡ

ಜಾಲಿಕೇರಿ ಕ್ರಾಸಿನಲ್ಲಿ ಬಸ್ಸಿಳಿದು ಬಡಗಣಕ್ಕೆ ಮುಖ ಮಾಡಿ ನಿಂತರೆ ತೊಗರಿ ಹೊಲಗಳ ಆಚೆ ಒಂದು ಗುಡ್ಡ ಕಾಣುತ್ತದೆ. ಬೀದರ ಸೀಮೆಯಲ್ಲಿ ಇಂಥ ಕೆಂಪು ದಿಬ್ಬಗಳಿಗೇನೂ ಬರವಿಲ್ಲವಾದ್ದರಿಂದ ಹೊಸಬರು ಇದನ್ನು ಅಷ್ಟಾಗಿ ಲೆಕ್ಕಕ್ಕೆ ಹಿಡಿಯುವುದಿಲ್ಲ. ಹತ್ತಿರ ಹೋದಾಗಲೇ ನೆತ್ತಿಯ ಮೇಲಿನ ಗುಮ್ಮಟ, ಅದನ್ನು ಹೊತ್ತು ನಾಲ್ಕು ದಿಕ್ಕಿಗೂ ತೆರೆದುಕೊಂಡಿರುವ ನಾಲ್ಕು ಕಮಾನು, ಬುಡದಿಂದ ಹೊರಟ ತೊಂಬತ್ತೆರಡು ಮೆಟ್ಟಿಲು ಕಣ್ಣಿಗೆ ಬೀಳುವುದು. ಏದುಸಿರು ಬಿಡುತ್ತ ಹತ್ತಿದವರು ಒಳಗೆ ಗೋರಿಯನ್ನು ಹುಡುಕುತ್ತಾರೆ. ಗೋರಿ ಇಲ್ಲ. ಗೋರಿ ಇರಬೇಕಾದ ನಟ್ಟನಡುವಿನ ಜಾಗದಲ್ಲಿ ಒಂದು ಒರಟು ಕರಿಬಂಡೆ ಆಳೆತ್ತರಕ್ಕೆ ನಿಂತಿದೆ. ನೆಲದ ಹಾಸುಗಲ್ಲುಗಳನ್ನು ಅದರ ಅಂಚಿನ ಉಬ್ಬುತಗ್ಗಿಗೆ ಸರಿಯಾಗಿ ಕೊರೆದು, ಕೂದಲೆಳೆ ನುಸುಳದಷ್ಟು ಬಿಗಿಯಾಗಿ ಕೂಡಿಸಿದ್ದಾರೆ. ತಲೆಯೆತ್ತಿ ನೋಡಿದರೆ ಗುಮ್ಮಟದ ನೆತ್ತಿಯೂ ಮುಚ್ಚಿಲ್ಲ. ಅಲ್ಲಿಂದ ಗುಂಡನೆಯ ಆಕಾಶ ಕಾಣುತ್ತದೆ. ಮಕ್ಕಳನ್ನು ಪ್ರವಾಸಕ್ಕೆ ಕರೆತರುವ ಮಾಸ್ತರರು ಇದನ್ನು ಅರ್ಧಕ್ಕೆ ನಿಂತ ಕಟ್ಟಡವೆಂದು ಹೇಳಿ ಮುಂದಿನ ಊರಿನ ಕೋಟೆ ತೋರಿಸಲು ಅವಸರ ಮಾಡುತ್ತಾರೆ. ಮಾಸ್ತರರ ಮಾತಿಗೆ ಜಾಲಿಕೇರಿಯ ಹಿರಿಯರು ಎದುರಾಡುವುದಿಲ್ಲ, ಆದರೆ ಒಪ್ಪುವುದೂ ಇಲ್ಲ. ಇಲ್ಲಿ ಅರ್ಧಕ್ಕೆ ನಿಂತದ್ದು ಯಾವುದೂ ಇಲ್ಲ ಎನ್ನುತ್ತಾರೆ ಅವರು.

ಹಿಂದೆ ಒಮ್ಮೆ, ಬೀದರು ಹೊಸದಾಗಿ ರಾಜಧಾನಿಯಾದ ಕಾಲದಲ್ಲಿ, ಪಾರಸ ದೇಶದಿಂದ ಕುಶಲ ಕೆಲಸದವರು ಹಡಗು ಹತ್ತಿ ದಾಭೋಳ ಬಂದರಿಗೆ ಬಂದು, ಅಲ್ಲಿಂದ ಎತ್ತಿನ ಗಾಡಿಯಲ್ಲಿ ಘಟ್ಟ ಹತ್ತಿ ಈ ಸೀಮೆಗೆ ಬರುತ್ತಿದ್ದರು. ಅಕ್ಷರ ಬರೆಯುವವರು, ಬಣ್ಣದ ಹೆಂಚು ಸುಡುವವರು, ನೆಲದೊಳಗೆ ಕಾಲುವೆ ಕೊರೆಯುವವರು ಹೀಗೆ ಬಂದವರಲ್ಲಿ ಖುದಾದಾದ ಎಂಬ ಗೌಂಡಿಯೂ ಒಬ್ಬ. ಗುಮ್ಮಟ ಕಟ್ಟುವುದರಲ್ಲಿ ಅವನ ಕೈಯನ್ನು ಮೀರಿಸುವ ಕೈ ಇರಲಿಲ್ಲವಂತೆ. ಅವನ ಊರು ಯಜ್ದ್ ಪಟ್ಟಣದಿಂದ ಎರಡು ದಿನದ ದಾರಿ; ಹಿಂದೆ ಬೋಳು ಬೆಟ್ಟ, ಮುಂದೆ ಮರಳು. ಚಿಕ್ಕಂದಿನಲ್ಲಿ ಅವನ ಅಜ್ಜಿ ವರ್ಷಕ್ಕೊಮ್ಮೆ ಅವನ ಕೈ ಹಿಡಿದು ಆ ಬೆಟ್ಟ ಹತ್ತಿಸುತ್ತಿದ್ದಳು. ಮೇಲೆ ಹಳೆಯ ಕಾಲದವರು ಬೆಂಕಿಯನ್ನು ಪೂಜಿಸುತ್ತಿದ್ದ ನಾಲ್ಕು ಕಮಾನಿನ ಮುರುಕು ಮಂಟಪವಿತ್ತು. ಅಜ್ಜಿಯ ಅಜ್ಜಿಯ ಕಾಲಕ್ಕೇ ಆ ಮನೆತನದವರು ಇಸ್ಲಾಮಿಗೆ ಬಂದಿದ್ದರು, ಬೆಂಕಿ ಆರಿ ಎಷ್ಟೋ ಕಾಲವಾಗಿತ್ತು. ಬೆಟ್ಟ ಹತ್ತುವುದನ್ನು ಮಾತ್ರ ಯಾರೂ ಬಿಟ್ಟಿರಲಿಲ್ಲ. ದೇವರನ್ನು ಕರೆಯುವ ಹೆಸರು ಬದಲಾಯಿತು, ಕರೆಯುವ ಎತ್ತರ ಬದಲಾಗಲಿಲ್ಲ. ಆ ದೇಶವೇ ಹಾಗೆ. ನೀರು ಬರುವುದು ಬೆಟ್ಟದಿಂದ, ಹಿಮ ನಿಲ್ಲುವುದು ಬೆಟ್ಟದಲ್ಲಿ, ರಾಜನಾದವನು ತನ್ನ ಸಿಂಹಾಸನಕ್ಕೂ ಜಗಲಿ ಎತ್ತರಿಸಿ ಬೆಟ್ಟದ ಹೋಲಿಕೆ ಕೊಡುತ್ತಾನೆ.

ಎತ್ತರದ ಜಾಗದಲ್ಲಿ ಕಟ್ಟುವುದಕ್ಕೆ ಅವರಲ್ಲಿ ಒಂದು ಕ್ರಮವಿತ್ತು. ನಮ್ಮವರಾದರೆ ಮೊದಲು ನೆತ್ತಿಯನ್ನು ಕಡಿದು ಸಮ ಮಾಡಿ ಆಮೇಲೆ ಪಾಯ ಹಾಕುತ್ತಾರೆ. ಅವರು ಕಡಿಯುವುದಿಲ್ಲ, ಕೆಳಗಿನಿಂದ ಕಲ್ಲುಮಣ್ಣು ತುಂಬಿಕೊಂಡು, ನೆತ್ತಿಯ ತುದಿಯನ್ನು ಮಾತ್ರ ಮೇಲೆ ಬಿಟ್ಟು, ಅದರ ಹತ್ತಿರಕ್ಕೆ ಬರುತ್ತಾರೆ. ಕೆಲಸದ ಮೊದಲ ದಿನ ಉಸ್ತಾದನೆನಿಸಿಕೊಂಡವನು ಬೆಳಗಿನಲ್ಲಿ ಒಬ್ಬನೇ ಹತ್ತಿ, ಶಿಖರದ ತುದಿಗೆ ದಾರದ ಒಂದು ಕೊನೆ ಕಟ್ಟುತ್ತಾನೆ. ಗೋಡೆಯ ಉದ್ದ, ಕಮಾನಿನ ಅಗಲ, ಗುಮ್ಮಟದ ಸುತ್ತು ಎಲ್ಲದರ ಅಳತೆಯೂ ಆ ಗಂಟಿನಿಂದಲೇ ಹೊರಡಬೇಕು. ಖುದಾದಾದ ಕಲ್ಲಿಗೆ ಕೈಮುಗಿಯುವವನಲ್ಲ, ಐದು ಹೊತ್ತು ಪಡುವಣಕ್ಕೆ ತಿರುಗಿಯೇ ನಮಾಜು ಮಾಡುತ್ತಿದ್ದ. ಆದರೆ ಭೂಮಿ ತನ್ನಷ್ಟಕ್ಕೆ ತಾನೇ ಎದ್ದು ನಿಂತ ಕಡೆ ಮನುಷ್ಯ ಕೈಯನ್ನು ಹಿಂದಕ್ಕೆ ತೆಗೆದುಕೊಳ್ಳಬೇಕೆಂಬುದು ಅವನಿಗೆ ಉಂಡ ಅನ್ನದಷ್ಟೇ ಖಚಿತವಾಗಿತ್ತು. ಇದಕ್ಕೆ ಅವನು ಕಾರಣ ಹೇಳುತ್ತಿರಲಿಲ್ಲ, ಕೇಳಿದವರ ಮೇಲೆ ಸಿಟ್ಟಾಗುತ್ತಿದ್ದ.

ಆಗ ಈ ಸೀಮೆ ಮಲಿಕ ದಾನಿಯಾಲ ಎಂಬ ಸರದಾರನ ಕೈಯಲ್ಲಿತ್ತು. ಅವನ ಷಡ್ಡಕನೊಬ್ಬ ಬದುಕಿರುವಾಗಲೇ ತನ್ನ ಗೋರಿಗೆ ಬಯಲಿನಲ್ಲಿ ಭಾರಿ ಗುಮ್ಮಟ ಕಟ್ಟಿಸಿ ಊರೆಲ್ಲ ಹೊಗಳಿಸಿಕೊಂಡಿದ್ದ. ಮಲಿಕನಿಗೆ ಅದು ಹೊಟ್ಟೆಯಲ್ಲಿ ಉರಿಯುತ್ತಿತ್ತು. ಷಡ್ಡಕ ಬಯಲಿನಲ್ಲಿ ಮಲಗಿದರೆ ತಾನು ಅವನ ತಲೆಯ ಮೇಲೆ ಮಲಗಬೇಕೆಂದು ಈ ಗುಡ್ಡವನ್ನು ಆರಿಸಿದ. ಆಗ ಇದಕ್ಕೆ ಹೆಸರೂ ಇರಲಿಲ್ಲ, ಊರಿನ ಆಡುಗಳು ಹತ್ತಿ ಬಿಸಿಲು ಕಾಯಿಸುತ್ತಿದ್ದವು ಅಷ್ಟೆ. ಮಲಿಕ ಖುದಾದಾದನನ್ನು ಕರೆಸಿ ಮೂರು ಮಾತು ಹೇಳಿದ. ಗುಮ್ಮಟ ಷಡ್ಡಕನದಕ್ಕಿಂತ ಚೆಲುವಾಗಿರಬೇಕು. ಗುಡ್ಡದ ನೆತ್ತಿ ಕಡಿದು ಸಮ ಮಾಡಿ, ಗೋರಿ ಸರಿಯಾಗಿ ನಡುವೆ ಬರಬೇಕು. ತಾನು ತೆಂಕಣ ಯುದ್ಧ ಮುಗಿಸಿ ಎರಡು ಬೇಸಿಗೆ ಕಳೆದು ಬರುವಷ್ಟರಲ್ಲಿ ಎಲ್ಲ ಆಗಿರಬೇಕು. ಉಸ್ತಾದ ಮೊದಲನೆಯದಕ್ಕೂ ಮೂರನೆಯದಕ್ಕೂ ತಲೆಯಾಡಿಸಿ, ಎರಡನೆಯದಕ್ಕೆ ಆಗುವುದಿಲ್ಲ ಎಂದ. ಗುಡ್ಡದ ನೆತ್ತಿಯೇ ಆಗಿ ನಿಂತ ನಡುವಿನ ಬಂಡೆಯನ್ನು ಕಡಿಯುವುದಿಲ್ಲ, ಸುತ್ತ ತುಂಬಿ ಜಗಲಿ ಎತ್ತರಿಸುತ್ತೇನೆ, ಗೋರಿಗೆ ಮೆಟ್ಟಿಲ ಬುಡದಲ್ಲಿ ಜಾಗ ಮಾಡುತ್ತೇನೆ ಎಂದ. ಮಲಿಕ ನಕ್ಕುಬಿಟ್ಟನಂತೆ. ನಗು ಮುಗಿದ ಮೇಲೆ, ತನ್ನ ಮಾತು ಕೇಳದ ಕೈ ಆ ತೋಳಿನಲ್ಲಿ ಉಳಿಯುವುದಿಲ್ಲ ಎಂದು ಎಲ್ಲರೆದುರು ಹೇಳಿ ಕುದುರೆ ಹತ್ತಿದ. ಖುದಾದಾದನ ಬದುಕೆಲ್ಲ ಇದ್ದದ್ದು ಆ ಬಲಗೈಯಲ್ಲಿ. ಅವನು ಅಂದು ಸಂಜೆ ಅದನ್ನು ತುಂಬ ಹೊತ್ತು ನೋಡಿಕೊಂಡು ಕೂತಿದ್ದನೆಂದೂ, ಮರುದಿನ ಬೆಳಗ್ಗೆ ಅದೇ ಕೈಯಿಂದ ಶಿಖರಕ್ಕೆ ದಾರ ಕಟ್ಟಿದನೆಂದೂ ಹೇಳುತ್ತಾರೆ.

ಕಲ್ಲಿನ ಕೆಲಸಕ್ಕೆ ಬಂದವರು ಜಾಲಿಕೇರಿಯ ವಡ್ಡರು. ಅವರ ಯಜಮಾನಿಕೆ ತಿಪ್ಪವ್ವ ಎಂಬ ವಿಧವೆಯ ಕೈಯಲ್ಲಿತ್ತು. ಕಲ್ಲಿಗೆ ಕಿವಿಯಿಟ್ಟು ತಟ್ಟಿ ಅದು ಎಲ್ಲಿ ಸೀಳುತ್ತದೆಂದು ಹೇಳಬಲ್ಲವಳು. ಕಲ್ಲೆಂದರೆ ಒಡೆಯುವುದಕ್ಕೇ ಹುಟ್ಟಿದ್ದು ಎಂದು ನಂಬಿದ್ದವಳು. ಖುದಾದಾದ ಕನ್ನಡ ಕಲಿತದ್ದು ಇವರು ತಮ್ಮತಮ್ಮಲ್ಲಿ ಆಡುವ ಮಾತಿನಿಂದಲೇ ಆದ್ದರಿಂದ ಅವನಿಗೆ ಬಹುವಚನ ಬರಲೇ ಇಲ್ಲ. ಮಲಿಕನ ಕಾರಭಾರಿಯನ್ನೂ ಆಡು ಕಾಯುವವನನ್ನೂ ಒಂದೇ ಸಮ ‘ನೀ’ ಎನ್ನುತ್ತಿದ್ದ. ಅವನ ನಾಲಿಗೆ ಕನ್ನಡಕ್ಕೆ ತಿರುಗಿದ ಮೊದಲ ವಾರವೇ ತಿಪ್ಪವ್ವ ಅವನನ್ನು ತರಾಟೆಗೆ ತೆಗೆದುಕೊಂಡಳು.

“ಉಸ್ತಾದರ, ಆಡು ಹಿಕ್ಕಿ ಹಾಕೂ ಕಲ್ಲಿದು. ದೇವರಿದ್ರ ನಮಗ ಇಷ್ಟ್ ದಿನ ತಿಳೀತಿರ್ಲಿಲ್ಲೇನ್ರಿ? ನೀವು ಸಮುದ್ರ ದಾಟಿ ಬಂದು ನಮ್ಮ ಗುಡ್ಡ ನಮಗೇ ತೋರಿಸ್ಲತ್ತೀರಿ.”

“ದೇವರದ ಅಂತ ನಾ ಎಲ್ಲಿ ಹೇಳೀನಿ, ಅವ್ವಾ?” ಎಂದ ಖುದಾದಾದ. “ಎತ್ತರದ. ಅಷ್ಟೇ ಸಾಕು. ಇದಕ ಉಳಿ ಹಚ್ಚಬ್ಯಾಡ.”

ತಿಪ್ಪವ್ವನಿಗೆ ಇದು ಹುಚ್ಚೆನಿಸಿತು. ಆದರೂ ಕೆಲಸ ನಡೆಯಿತು. ಗುಡ್ಡದ ಬುಡದಲ್ಲಿ ಕೆಂಪುಕಲ್ಲು ಕಡಿದು ಮೇಲೆ ಸಾಗಿಸಿ, ಇಳಿಜಾರಿಗೆ ಮೂರು ಸುತ್ತಿನ ಒಡ್ಡುಗೋಡೆ ಕಟ್ಟಿ, ಒಳಗೆ ಜಲ್ಲಿ ತುಂಬಿ ಕುಟ್ಟಿ ದಮ್ಮಸು ಮಾಡುತ್ತ ಬಂದರು. ಕಡಿದ ಗುಂಡಿಯೇ ಈಗ ಊರಿನ ಹೊಂಡವಾಗಿದೆ. ಕಡಿಯುವುದಾದರೆ ಮೂರು ತಿಂಗಳ ಕೆಲಸ, ತುಂಬುವುದಕ್ಕೆ ಒಂದು ವರ್ಷ ಹಿಡಿಯಿತು. ಆ ವರ್ಷ ಖುದಾದಾದ ಹೊತ್ತಿಗೆ ಸರಿಯಾಗಿ ಉಂಡದ್ದನ್ನು ಕಂಡವರಿಲ್ಲ. ಮೇಲೇರುವ ಪ್ರತಿ ಬುಟ್ಟಿಯ ಹಿಂದೆ ತಾನೂ ಏರುತ್ತಿದ್ದ.

ಜಗಲಿ ಎದ್ದು ನಿಂತ ಸಮಯಕ್ಕೆ ಅವನು ಸುಣ್ಣದ ಗೂಡು ನೋಡಿ ಬರಲು ಐದು ದಿನ ಬೀದರಿಗೆ ಹೋದ. ಅದೇ ಸಂದಿಯಲ್ಲಿ ಕಾರಭಾರಿ ಬಂದು, ನಡುವಿನ ಬಂಡೆ ಇನ್ನೂ ಯಾಕೆ ನಿಂತಿದೆಯೆಂದು ತಿಪ್ಪವ್ವನ ಮೇಲೆ ರೇಗಾಡಿ ಹೋದ. ತಿಪ್ಪವ್ವ ಯೋಚಿಸಿದಳು. ಉಸ್ತಾದ ಪರದೇಶಿ, ಒಳ್ಳೆಯವನು, ಹಟಮಾರಿ. ತಾನಾಗಿ ಕಡಿಯಲಾರ, ಕಡಿಸಲೂ ಆರ. ಅವನಿಲ್ಲದಾಗ ಕೆಲಸ ಮುಗಿದುಹೋದರೆ ಅವನ ಮನಸ್ಸಿಗೂ ಪಾಪ ತಟ್ಟುವುದಿಲ್ಲ, ಕೈಯೂ ಉಳಿಯುತ್ತದೆ. ಹೀಗೆ ಅವನ ಮೇಲಿನ ಕನಿಕರದಿಂದಲೇ ಅವಳು ಬಂಡೆಗೆ ಉಳಿ ಹಚ್ಚಿಸಿದಳು. ವಡ್ಡರು ದೊಡ್ಡ ಬಂಡೆಯನ್ನು ಹೊಡೆದು ಮುರಿಯುವುದಿಲ್ಲ. ಸಾಲಾಗಿ ಚೌಕದ ಕುಳಿ ತೋಡಿ, ಒಣಗಿದ ಮರದ ಬೆಣೆಗಳನ್ನು ಬಿಗಿಯಾಗಿ ಜಡಿದು, ಮೇಲೆ ನೀರು ಸುರಿಯುತ್ತ ಹೋಗುತ್ತಾರೆ. ಮರ ನೀರು ಕುಡಿದು ಉಬ್ಬಿದಾಗ ಎಂಥ ಬಂಡೆಯಾದರೂ ಗೆರೆ ಎಳೆದಂತೆ ಸೀಳಿಹೋಗುತ್ತದೆ. ನಾಲ್ಕನೆಯ ದಿನ ಮಧ್ಯಾಹ್ನದ ಹೊತ್ತಿಗೆ ಏಳು ಕುಳಿ, ಏಳು ಬೆಣೆ ಆಗಿ ನೀರೂ ಬಿದ್ದಿತ್ತು. ತಿಪ್ಪವ್ವ ಕಿವಿಯಿಟ್ಟು ಕೇಳಿ, ಹೊತ್ತು ಮುಳುಗುವುದರೊಳಗೆ ಬಂಡೆ ಬಾಯಿ ಬಿಡುತ್ತದೆ ಎಂದಿದ್ದಳು.

ಖುದಾದಾದ ಒಂದು ದಿನ ಮೊದಲೇ ಹಿಂತಿರುಗಿದ. ಮೇಲೆ ಬಂದವನು ನೇರ ಬಂಡೆಯ ಬಳಿ ಹೋಗಿ ಮೊದಲ ಬೆಣೆಗೆ ಬೆರಳು ಹಾಕಿದ. ಉಬ್ಬಿದ ಬೆಣೆ ಬೆರಳಿಗೆ ಬರುವುದೇ? ಉಳಿಯ ಮೊನೆಯಿಂದ ಎಬ್ಬಿದ, ಬಗ್ಗಿ ಹಲ್ಲಿನಿಂದ ಕಚ್ಚಿ ಎಳೆದ. ಒಂದು ಬಂತು. ಎರಡನೆಯದಕ್ಕೆ ಉಗುರು ಕಿತ್ತು ರಕ್ತ ಸುರಿಯಿತು. ಮೂರನೆಯದನ್ನು ಕೀಳುವಾಗ ಬಂಡೆಯೊಳಗಿಂದ ‘ಚಟ್’ ಎಂದು ಸಣ್ಣ ಸದ್ದಾಯಿತು. ಅದು ಬಿಡುವ ಮುಂಚಿನ ಸದ್ದೆಂಬುದು ಅಲ್ಲಿದ್ದ ಎಲ್ಲರಿಗೂ ಗೊತ್ತಿತ್ತು. ಅವನು ತಲೆಯೆತ್ತಲಿಲ್ಲ. ಆರನೆಯದು ಬಂದಾಗ ಅವನ ಕೈ ಹಿಡಿತ ತಪ್ಪಿ ಕೆಳಗೆ ಬಿತ್ತು. ಅಲ್ಲಿಯವರೆಗೆ ಸೊಂಟದ ಮೇಲೆ ಕೈಯಿಟ್ಟು ನೋಡುತ್ತಿದ್ದ ತಿಪ್ಪವ್ವ ಮುಂದೆ ಬಂದು, ಅವನನ್ನು ಭುಜದಿಂದ ಪಕ್ಕಕ್ಕೆ ಸರಿಸಿ, ತನ್ನ ಕಬ್ಬಿಣದ ಸಲಾಕೆ ಹಾಕಿ ಏಳನೆಯ ಬೆಣೆಯನ್ನು ತಾನೇ ಎಬ್ಬಿದಳು. ಎಬ್ಬುವಾಗ ಅವಳಿಗೆ ಅಳು ಬಂದಿತ್ತು. ಜೀವಮಾನವೆಲ್ಲ ಬೆಣೆ ಜಡಿದವಳು ಕಿತ್ತದ್ದು ಅದೊಂದನ್ನೇ. ಬಂಡೆ ಉಳಿಯಿತು. ಕಲ್ಲಿನಲ್ಲಿ ದೇವರಿದ್ದಾನೋ ಇಲ್ಲವೋ ಅವಳು ಆಮೇಲೂ ತಲೆ ಕೆಡಿಸಿಕೊಳ್ಳಲಿಲ್ಲ. ಅದಕ್ಕಾಗಿ ಉಗುರು ಕೊಡುವ ಮನುಷ್ಯನೊಬ್ಬನಿದ್ದಾನೆ ಎಂಬುದಷ್ಟೇ ಅವಳಿಗೆ ಸಾಕಾಯಿತು. ಆ ಏಳು ಕುಳಿಗಳಿಗೆ ಖುದಾದಾದ ಗಚ್ಚು ತುಂಬಿ ನಯ ಮಾಡಿದ.

ಅಲ್ಲಿಂದ ಮುಂದೆ ಇಬ್ಬರೂ ಸೇರಿ ಮಾಡಿದ್ದು ಪಕ್ಕಾ ಹಟದ ಕೆಲಸ. ನಾಲ್ಕು ಕಮಾನಿನ ಕಂಬಗಳ ಬುಡವನ್ನು ಬೇರೆ ಪಾಯಕ್ಕೆ ಇಳಿಸದೆ, ಅದೇ ಕರಿಬಂಡೆ ನೆಲದೊಳಗೆ ಚಾಚಿದ್ದ ಭುಜಗಳ ಮೇಲೆ ಕೂಡಿಸಿದರು. ಬಂಡೆಗೆ ಪೆಟ್ಟು ಬಿದ್ದರೆ ಕಂಬಕ್ಕೆ ಬೀಳಬೇಕು, ಕಂಬ ಅಲುಗಿದರೆ ಗುಮ್ಮಟ ಉಳಿಯಬಾರದು. ಇದು ಯಾರ ಉಪಾಯವೆಂದು ಕೇಳಿದರೆ ವಡ್ಡರು ತಿಪ್ಪವ್ವನದೆನ್ನುತ್ತಾರೆ, ಊರಿನ ಮುಸಲ್ಮಾನರು ಉಸ್ತಾದನದೆನ್ನುತ್ತಾರೆ. ಆಮೇಲೆ ಗುಮ್ಮಟ ಎದ್ದಿತು. ಪಾರಸದ ಗೌಂಡಿಗಳು ಕೆಳಗೆ ಮರದ ಆಸರೆ ಕೊಡದೆ, ಬರೀ ಕಣ್ಣಳತೆಯಲ್ಲಿ, ಸುತ್ತಿನ ಮೇಲೆ ಸುತ್ತು ಇಟ್ಟಿಗೆ ಇಟ್ಟು ಗುಮ್ಮಟ ಮುಚ್ಚುತ್ತಿದ್ದರು. ಪ್ರತಿ ಸುತ್ತನ್ನೂ ಒಂದೇ ಕೈ ಇಡಬೇಕು. ಒಬ್ಬ ಉಸ್ತಾದ ಹಿಡಿದ ಸುತ್ತಿನ ಮೇಲೆ ಅವನು ಬದುಕಿರುವವರೆಗೆ ಇನ್ನೊಬ್ಬ ಇಟ್ಟಿಗೆ ಇಡುವುದು ಅವರಲ್ಲಿ ಹೇಸಿಗೆಯ ಕೆಲಸ. ಸುತ್ತುಗಳು ಕಿರಿದಾಗುತ್ತ ಬಂದಂತೆ ಖುದಾದಾದನಿಗೆ ಒಳಗೊಳಗೇ ಒಂದು ಕೊರಗು ಶುರುವಾಯಿತು. ಕಡಿಯದೆ ಉಳಿಸಿದ್ದೇನೋ ಸರಿ, ಆದರೆ ಈ ಶಿಖರ ಹುಟ್ಟಿದಂದಿನಿಂದ ಅದರ ಮೇಲೆ ಆಕಾಶ ಬಿಟ್ಟರೆ ಬೇರೇನೂ ಇದ್ದಿಲ್ಲ. ಈಗ ಅದಕ್ಕೆ ಮುಚ್ಚಳ ಹಾಕುತ್ತಿರುವವನು ತಾನೇ. ಕೊಟ್ಟ ಮಾತು ಗುಮ್ಮಟದ್ದು, ಮುಚ್ಚಲೇಬೇಕು. ಈ ಸಂಕಟವನ್ನು ಅವನು ತಿಪ್ಪವ್ವನಿಗೆ ಹೇಳಿಕೊಂಡ. “ಮಳಿಗೆ ತೊಯ್ಯಂಗಿಲ್ಲ ಬಿಡ್ರಿ, ನೆಳ್ಳಾಗ ಇರ್ತದ” ಎಂದು ಅವಳು ಸಮಾಧಾನ ಮಾಡಿದಳು. ಅವನಿಗೆ ಸಮಾಧಾನವಾಗಲಿಲ್ಲ.

ಇನ್ನು ಐದಾರು ಸುತ್ತು ಉಳಿದಿರುವಾಗ ಮಲಿಕ ದಾನಿಯಾಲ ಯುದ್ಧದಿಂದ ಮರಳಿದ. ಪಲ್ಲಕ್ಕಿ ಮೆಟ್ಟಿಲಲ್ಲಿ ತಿರುಗಲಿಲ್ಲವಾದ್ದರಿಂದ ನಡೆದೇ ಹತ್ತಬೇಕಾಯಿತು. ತೊಂಬತ್ತೆರಡು ಮೆಟ್ಟಿಲು ಹತ್ತಿ ಬಂದ ಭಾರಿ ಆಳು, ಉಸಿರು ಸಾಲದೆ, ಮೊದಲು ಕೈಗೆ ಸಿಕ್ಕಿದ ಆ ಬಂಡೆಯನ್ನೇ ಹಿಡಿದು ನಿಂತ. ನಾಲ್ಕು ಕಮಾನಿನೊಳಗಿಂದ ಅವನ ಸೀಮೆಯೆಲ್ಲ ಕಾಣುತ್ತಿತ್ತು. ಷಡ್ಡಕನ ಗುಮ್ಮಟ ದೂರದಲ್ಲಿ ಮಗುಚಿಟ್ಟ ಬಟ್ಟಲಿನಷ್ಟಿತ್ತು. ಅವನ ಮುಖ ಅರಳಿತಂತೆ. ಆಮೇಲೆ ತಾನು ಹಿಡಿದುಕೊಂಡಿರುವುದು ಏನೆಂದು ನೋಡಿದ. ಮುಂದಿನ ಮಾತುಕತೆ ನಡೆದದ್ದು ಪಾರಸಿಯಲ್ಲಾದರೂ ಅದನ್ನು ಉಳಿಸಿಕೊಂಡು ಬಂದವರು ತಿಪ್ಪವ್ವನ ಮನೆತನದವರಾದ್ದರಿಂದ, ನಮ್ಮ ಕಡೆ ಹೇಳುವಾಗ ಮಲಿಕನೂ ಜಾಲಿಕೇರಿಯ ಕನ್ನಡವನ್ನೇ ಆಡುತ್ತಾನೆ.

“ನಾ ಎಲ್ಲಿ ಮಲಗಬೇಕು?” ಎಂದ ಮಲಿಕ.

“ಕೆಳಗ. ಮೆಟ್ಟಲ ಬುಡದಾಗ,” ಎಂದ ಖುದಾದಾದ. “ಅಲ್ಲಿ ಮಲಗಿದ್ರ ಹತ್ತಾವ್ರೆಲ್ಲ ನಿನ್ನ ದಾಟೇ ಹತ್ತತಾರ.”

ಮಲಿಕ ಕಲ್ಲು ಕಡಿಯುವವರನ್ನು ಕರೆದ. ಯಾರೂ ಮುಂದೆ ಬರಲಿಲ್ಲ. ತಿಪ್ಪವ್ವ ಸೆರಗು ಸರಿಮಾಡಿಕೊಂಡು, ಇದಕ್ಕೆ ಈಗ ಒಂದು ಬೆಣೆ ಜಡಿದರೂ ಮೇಲಿನದು ಕೆಳಗೆ ಬರುತ್ತದೆ, ಬೇಕಾದರೆ ಸಾಹೇಬರು ಹೊರಗೆ ನಿಂತು ನೋಡಬಹುದು ಎಂದಳು. ಮಲಿಕ ಗುಮ್ಮಟವನ್ನು ನೋಡಿದ, ಬಂಡೆಯನ್ನು ನೋಡಿದ, ಮತ್ತೆ ಗುಮ್ಮಟವನ್ನು ನೋಡಿದ. ಕೆಡಹುವುದಕ್ಕೆ ಅವನಿಗೂ ಮನಸ್ಸು ಬರಲಿಲ್ಲ. ಆದರೆ ಸಾವಿರ ಜನರೆದುರು ಆಡಿದ ಮಾತು ಉಳಿಯಬೇಕಿತ್ತು. ಒಂದು ಸುತ್ತಿಗೆ ತರಿಸಿ ಖುದಾದಾದನ ಕೈಗೆ ಕೊಟ್ಟು, “ಒಂದೇ ಏಟು ಹೊಡಿ. ಕಲ್ಲಿನ ಒಂದು ಚೂರು ಕೆಳಗ ಬಿದ್ರ ಸಾಕು. ನಿನ್ನ ಕೈ ನಿನಗ,” ಎಂದ. ಇದು ಸೋತವನು ಮುಖ ಉಳಿಸಿಕೊಳ್ಳುವ ದಾರಿ ಎಂಬುದು ಅಲ್ಲಿದ್ದವರಿಗೆಲ್ಲ ತಿಳಿಯಿತು. ತಿಪ್ಪವ್ವನೂ ಕಣ್ಣಿನಲ್ಲೇ ಹೊಡೆ ಎಂದು ಬೇಡಿದಳು. ಒಂದು ಚೂರಿನಿಂದ ಶಿಖರಕ್ಕೇನೂ ಆಗುತ್ತಿರಲಿಲ್ಲ. ಖುದಾದಾದ ಸುತ್ತಿಗೆಯ ತೂಕ ನೋಡುವವನಂತೆ ಒಂದು ಗಳಿಗೆ ಹಿಡಿದುಕೊಂಡ. ಅವನಿಗೆ ಭಯವಾಗಿತ್ತು. ಆಮೇಲೆ ಸುತ್ತಿಗೆಯನ್ನು ನೆಲದ ಮೇಲಿಟ್ಟ. ಆಳುಗಳು ಅವನ ಕೈಯನ್ನು ಬಂಡೆಯ ಮೇಲಿಡಲು ಎಳೆದಾಗ ಮಾತ್ರ ಅವನು ಕೊಸರಿಕೊಂಡ.

“ಅದರ ಮ್ಯಾಲ ಬ್ಯಾಡ,” ಎಂದ.

ಗಚ್ಚು ಕಲಸುವ ಹಲಗೆಯನ್ನು ಎಡಗೈಯಿಂದ ತಾನೇ ಎಳೆದು, ಅದರ ಮೇಲೆ ಬಲಗೈ ಚಾಚಿದ.

ತಿಪ್ಪವ್ವ ಆ ಮೊಂಡುತೋಳನ್ನು ಕಾದ ಎಣ್ಣೆಯಲ್ಲಿ ಅದ್ದಿ, ತನ್ನ ಸೀರೆ ಹರಿದು ಸುತ್ತಿ, ಅವನನ್ನು ಬೆನ್ನ ಮೇಲೆ ಹೊತ್ತು ಇಳಿಸಿದಳು. ಮಲಿಕ ಕೆಳಗಿಳಿದು ಹೋಗುವಾಗ, ಮುಂದೇನು ಮಾಡಬೇಕೆಂದು ಕಾರಭಾರಿ ಕೇಳಿದ್ದಕ್ಕೆ, “ಬಿಟ್ಟುಬಿಡ್ರಿ ಆ ಕಲ್ಲ,” ಎಂದಷ್ಟೇ ಹೇಳಿದ. ಅಂದಿನಿಂದ ಅದು ಬಿಟ್ಟಕಲ್ಲು, ಗುಡ್ಡ ಬಿಟ್ಟಕಲ್ಲಿನ ಗುಡ್ಡ. ಗುಮ್ಮಟ ಮುಚ್ಚಿಸಲು ಮಲಿಕ ಬೀದರಿನ ಉಸ್ತಾದರಿಗೆಲ್ಲ ಹೇಳಿ ಕಳುಹಿಸಿದ. ಸುತ್ತು ಹಿಡಿದವನು ಇನ್ನೂ ಬದುಕಿದ್ದಾನೆ ಎಂದು ಒಬ್ಬರೂ ಬರಲಿಲ್ಲ. ಖುದಾದಾದನೂ ಸುಮ್ಮನೆ ಬದುಕಲಿಲ್ಲ, ಮೂವತ್ತೊಂದು ವರ್ಷ ಬದುಕಿದ. ಅಷ್ಟರಲ್ಲಿ ಮಲಿಕ ಸತ್ತು ಎಲ್ಲೋ ಮಣ್ಣಾದ. ಎಲ್ಲಿ ಎಂಬುದು ಈಗ ಯಾರಿಗೂ ಗೊತ್ತಿಲ್ಲ. ಮೊದಲ ಮಳೆ ಬಿದ್ದ ದಿನ ಖುದಾದಾದ ಮೇಲೆ ಹತ್ತಿ, ತೆರೆದ ನೆತ್ತಿಯಿಂದ ನೀರು ನೇರವಾಗಿ ಶಿಖರದ ಮೇಲೆ ಬೀಳುವುದನ್ನು ಕಂಡು ನಕ್ಕನಂತೆ. ತನ್ನಿಂದ ಮುಚ್ಚದೆ ಇರಲು ಆಗುತ್ತಿರಲಿಲ್ಲ, ಮಲಿಕನೇ ಉಳಿಸಿಕೊಟ್ಟ ಎಂದು ತಿಪ್ಪವ್ವನಿಗೆ ಹೇಳಿದನಂತೆ. ಅವಳು ಅದಕ್ಕೆ, ಆ ಮಾತು ಮಲಿಕನ ಕಿವಿಗೆ ಬೀಳದಿರಲಿ, ಇನ್ನೊಂದು ಕೈಯಿದೆ ಎಂದು ಗದರಿಸಿದಳು. ಎಡಗೈಯಲ್ಲಿ ಅವನು ಮತ್ತೆ ಗುಮ್ಮಟ ಕಟ್ಟಲಿಲ್ಲ. ವಡ್ಡರ ಮಕ್ಕಳಿಗೆ ದಾರ ಹಿಡಿಯುವುದನ್ನು ಕಲಿಸಿದ, ಜಾಲಿಕೇರಿಯ ಎಷ್ಟೋ ಬಾವಿಗಳ ಕಟ್ಟೆ ಕಟ್ಟಿದ. ಸತ್ತಾಗ ಅವನೇ ಹೇಳಿದ್ದಂತೆ ಮೆಟ್ಟಿಲ ಬುಡದಲ್ಲಿ ಹೂಳಿದರು.

ಗುಡ್ಡಕ್ಕೆ ಹೋದವರು ಇಂದಿಗೂ ಆ ಗೋರಿಯನ್ನು ದಾಟಿಯೇ ಹತ್ತಬೇಕು. ಮೇಲೆ ಹೊದಿಕೆಯಿಲ್ಲ, ಹೆಸರಿಲ್ಲ, ಬರೀ ಒಂದು ಕೆಂಪು ಹಾಸುಗಲ್ಲು. ಜಾಲಿಕೇರಿಯ ಜನ, ಯಾವ ಕೇರಿಯವರೇ ಆಗಲಿ, ಹತ್ತುವ ಮುಂಚೆ ಅದರ ಮೇಲೊಂದು ಹೂವನ್ನೋ ಸಕ್ಕರೆಯ ಹರಳನ್ನೋ ಇಡುತ್ತಾರೆ. ಎಡಗೈಯಲ್ಲಿ ಕೊಟ್ಟರೆ ಬಯ್ಯುವ, ಎಡಗೈಯಲ್ಲಿ ತಿಂದರೆ ಹೊಡೆಯುವ ನಮ್ಮ ಸೀಮೆಯಲ್ಲಿ, ಈ ಒಂದು ಕಲ್ಲಿನ ಮೇಲೆ ಮಾತ್ರ ಎಲ್ಲರೂ ಎಡಗೈಯಿಂದಲೇ ಇಡುತ್ತಾರೆ. ತಿಳಿಯದೆ ಬಲಗೈ ಚಾಚಿದ ಹೊಸಬರಿದ್ದರೆ ಅಲ್ಲಿ ಕೂತ ಹೆಂಗಸರು ಮೆಲ್ಲನೆ ಅವರ ಮೊಣಕೈ ಹಿಡಿದು ಹಿಂದಕ್ಕೆ ಸರಿಸುತ್ತಾರೆ.